ಮಾತೇ ಕೇಳದೆ ಬೆಳೆದ ಮಗು: ಜೀನಿ ಪ್ರಕರಣದಿಂದ ನಿಜಕ್ಕೂ ಏನು ಗೊತ್ತಾಗುತ್ತದೆ?

ವಾಚಕಿ

ಎಲ್ಲರಿಗೂ ನಮಸ್ಕಾರ. ಮನೋವಿಜ್ಞಾನ ಓದುತ್ತಿದ್ದೇನೆ, ಸೆಮಿನಾರಿಗೆ ಜೀನಿ ಪ್ರಕರಣ ಆರಿಸಿಕೊಂಡಿದ್ದೇನೆ. ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳುತ್ತೇನೆ. 1970ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್ ಹತ್ತಿರ ಒಬ್ಬ ತಾಯಿ, ಕಣ್ಣು ಸರಿಯಾಗಿ ಕಾಣದವರು, ನೆರವು ಕೇಳಿಕೊಂಡು ಸಮಾಜ ಕಲ್ಯಾಣ ಕಚೇರಿಗೆ ಹೋದರು. ಜತೆಗಿದ್ದ ಹುಡುಗಿಯನ್ನು ಅಲ್ಲಿನವರು ಆರೇಳು ವರ್ಷದವಳು ಅಂದುಕೊಂಡರು. ಅವಳಿಗೆ 13 ದಾಟಿತ್ತು. ಸುಮಾರು 20 ತಿಂಗಳ ಮಗುವಾಗಿದ್ದಾಗಿನಿಂದ ಅಪ್ಪ ಅವಳನ್ನು ಒಂದು ಕೋಣೆಯಲ್ಲಿ ಕೂಡಿಹಾಕಿ, ಮಕ್ಕಳ ಶೌಚದ ಕುರ್ಚಿಗೆ ಕಟ್ಟಿ ಬಿಟ್ಟಿದ್ದ. ಸದ್ದು ಮಾಡಿದರೆ ಹೊಡೆಯುತ್ತಿದ್ದ. ಮನೆಯಲ್ಲಿ ಯಾರೂ ಅವಳನ್ನು ಮಾತಾಡಿಸುವಂತಿರಲಿಲ್ಲ. ಸಿಕ್ಕಾಗ ಅವಳಿಗೆ ಅರ್ಥವಾಗುತ್ತಿದ್ದದ್ದು ಬೆರಳೆಣಿಕೆಯಷ್ಟು ಪದ. 'ಜೀನಿ' ಅನ್ನುವುದು ಗುರುತು ಮರೆಮಾಡಲು ಇಟ್ಟ ಹೆಸರು.

ನಾನು ಓದಿದ ಟಿಪ್ಪಣಿಗಳೆಲ್ಲ ಒಂದೇ ಮಾತು ಹೇಳಿ ಮುಗಿಸುತ್ತವೆ: ಹದಿಹರೆಯಕ್ಕೆ ಮೊದಲು ಭಾಷೆ ಸಿಗದಿದ್ದರೆ ಆಮೇಲೆ ಬರುವುದೇ ಇಲ್ಲ, ಅದಕ್ಕೆ ಜೀನಿಯೇ ಸಾಕ್ಷಿ. ನನಗೆ ಇದರ ಮೇಲೆ ನಂಬಿಕೆ ಕೂರುತ್ತಿಲ್ಲ. ಹನ್ನೆರಡು ವರ್ಷ ಹೊಡೆತ, ಹಸಿವು, ಭಯದಲ್ಲಿ ಇದ್ದ ಮಗು ಅದು. ಇದರಲ್ಲಿ ವಯಸ್ಸಿನ ಪಾಲೆಷ್ಟು, ಹಿಂಸೆಯ ಪಾಲೆಷ್ಟು ಅಂತ ಬಿಡಿಸಿ ನೋಡುವುದು ಹೇಗೆ?

ಇನ್ನೊಂದು ಪ್ರಶ್ನೆ. ಭಾಷೆ ಬಾರದ್ದರಿಂದ ಜನರ ಜತೆ ಬೆರೆಯುವುದು ಕೆಡುತ್ತದೋ, ಬೆರೆಯಲು ಜನರೇ ಇಲ್ಲದ್ದರಿಂದ ಭಾಷೆ ಬರುವುದಿಲ್ಲವೋ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.


ನುಡಿಗಿಡ

ನಾನು ಭಾಷಾವಿಜ್ಞಾನ ಪಾಠ ಮಾಡುವವನು. ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ.

ಮೊದಲು ಆ ವಾದ ಎಲ್ಲಿಂದ ಬಂತು ಅಂತ ನೋಡೋಣ. ಎರಿಕ್ ಲೆನ್ನೆಬರ್ಗ್ 1967ರಲ್ಲಿ ಭಾಷೆಯ ಜೈವಿಕ ಬುಡದ ಬಗ್ಗೆ ಬರೆದ ಪುಸ್ತಕದಲ್ಲಿ, ಮೊದಲ ಭಾಷೆ ಸಹಜವಾಗಿ ಬರಲು ಸುಮಾರು ಎರಡು ವರ್ಷದಿಂದ ಹದಿಹರೆಯದ ಬಾಗಿಲವರೆಗೆ ಒಂದು ನಿರ್ಣಾಯಕ ಅವಧಿ ಇದೆ ಅಂದರು. ಆ ಪುಸ್ತಕ ಬಂದ ಮೂರೇ ವರ್ಷಕ್ಕೆ ಜೀನಿ ಸಿಕ್ಕಳು. ಆ ವಾದವನ್ನು ಒರೆಗೆ ಹಚ್ಚಲು ಹೇಳಿ ಮಾಡಿಸಿದ ಪ್ರಕರಣ ಅಂತ ಎಲ್ಲರಿಗೂ ಅನ್ನಿಸಿತು.

ಅವಳು ಕಲಿತದ್ದನ್ನು ಹತ್ತಿರದಿಂದ ದಾಖಲಿಸಿದವರು ಸೂಸನ್ ಕರ್ಟಿಸ್. ಅವರ ಪುಸ್ತಕ 1977ರಲ್ಲಿ ಬಂತು. ಜೀನಿ ಪದಗಳನ್ನು ಕಲಿತಳು, ಬೇಗಬೇಗನೇ ಕಲಿತಳು, ಇನ್ನಷ್ಟು ಬೇಕು ಅಂತ ಹಾತೊರೆದು ಕಲಿತಳು. ಎರಡು ಮೂರು ಪದ ಜೋಡಿಸಿ ಹಳೆಯದನ್ನು ನೆನೆದು ಹೇಳಿದಳು: ಅಪ್ಪ ಕೈಗೆ ಹೊಡೆದದ್ದು, ದೊಡ್ಡ ಕೋಲು, ತಾನು ಅತ್ತದ್ದು. ಅಂದರೆ ಮಾತೇ ಇಲ್ಲದ ಕಾಲದ ನೆನಪಿಗೆ ಆಮೇಲೆ ಕಲಿತ ಮಾತು ತೊಡಿಸಿದಳು. ಇದು ಸಣ್ಣದಲ್ಲ. ತೊಡಕಾದದ್ದು ವ್ಯಾಕರಣ. ಕಾಲಸೂಚಕ, ಸಹಾಯಕ ಕ್ರಿಯಾಪದ, ಪ್ರಶ್ನೆ ಕಟ್ಟುವ ರೀತಿ ಕೈಗೆ ಹತ್ತಲಿಲ್ಲ. 'ನಾನು', 'ನೀನು' ಅದಲುಬದಲಾಗುತ್ತಿದ್ದವು. ಎರಡು ಕಿವಿಗೂ ಒಟ್ಟಿಗೆ ಬೇರೆಬೇರೆ ಧ್ವನಿ ಕೇಳಿಸಿ ಮಾಡುವ ಪರೀಕ್ಷೆಯಲ್ಲಿ, ಬಲಗೈ ಬಳಸುವವಳಾಗಿದ್ದರೂ, ಅವಳ ಭಾಷೆ ಬಲ ಮಿದುಳಿನಲ್ಲಿ ನಡೆಯುತ್ತಿರುವಂತೆ ಕಂಡಿತು. ಎಡ ಮಿದುಳಿಗೆ ಆ ಕೆಲಸ ವಹಿಸಿಕೊಳ್ಳುವ ಹೊತ್ತು ಮೀರಿತ್ತು ಅಂತ ಕರ್ಟಿಸ್ ಅರ್ಥಮಾಡಿದರು.

ಈಗ ತಕರಾರುಗಳು. ಒಂದು, ಅವಳು ಎಳೆಗೂಸಾಗಿದ್ದಾಗಲೇ ಬೆಳವಣಿಗೆ ನಿಧಾನ ಇರಬಹುದು ಅಂತ ವೈದ್ಯರೊಬ್ಬರು ಹೇಳಿದ್ದರು. ಅಪ್ಪ ಕೂಡಿಹಾಕಲು ಅದನ್ನೇ ನೆಪ ಮಾಡಿಕೊಂಡ. ಹುಟ್ಟಿನಿಂದಲೇ ತೊಂದರೆ ಇತ್ತೋ ಇಲ್ಲವೋ ಅನ್ನುವ ಜಗಳ ಇಂದಿಗೂ ಹರಿದಿಲ್ಲ. ಬಿಡುಗಡೆಯಾದ ಮೇಲೆ ವರ್ಷಕ್ಕೆ ಸುಮಾರು ಒಂದು ವರ್ಷದಷ್ಟು ಅವಳ ಮಾನಸಿಕ ವಯಸ್ಸು ಏರಿತು, ಹುಟ್ಟು ಬುದ್ಧಿಮಾಂದ್ಯವಾಗಿದ್ದರೆ ಹಾಗಾಗುತ್ತಿರಲಿಲ್ಲ ಅನ್ನುವುದು ಕರ್ಟಿಸ್ ವಾದ. ಎರಡು, 1995ರಲ್ಲಿ ಪೀಟರ್ ಜೋನ್ಸ್ ಅನ್ನುವವರು ಕರ್ಟಿಸ್ ಅವರ ಹಿಂದಿನ, ಮುಂದಿನ ಬರಹಗಳನ್ನೇ ಅಕ್ಕಪಕ್ಕ ಇಟ್ಟು ನೋಡಿದರು. 1977ರ ಪುಸ್ತಕದಲ್ಲಿ ವ್ಯಾಕರಣ ನಿಧಾನವಾಗಿಯಾದರೂ ಬೆಳೆಯುತ್ತಿರುವ ಉದಾಹರಣೆಗಳಿವೆ, ನಂತರದ ಲೇಖನಗಳಲ್ಲಿ 'ವ್ಯಾಕರಣ ಬರಲೇ ಇಲ್ಲ' ಅನ್ನುವ ದನಿ ಗಟ್ಟಿಯಾಗುತ್ತದೆ, ಈ ಬದಲಾವಣೆಗೆ ಹೊಸ ಆಧಾರ ಕೊಟ್ಟಿಲ್ಲ ಅಂತ ತೋರಿಸಿದರು. ಮೂರನೆಯದು ನೀವೇ ಹೇಳಿದ್ದು. ಸದ್ದು ಮಾಡಿದ್ದಕ್ಕೆ ಪೆಟ್ಟು ತಿಂದವಳಿಗೆ ಬಾಯಿ ಬಿಡುವುದೇ ಅಪಾಯದ ಕೆಲಸವಾಗಿತ್ತು. ಅವಳಿಂದ ದನಿ ಹೊರಡುವುದೇ ಕಷ್ಟವಾಗಿದ್ದಕ್ಕೆ ವಯಸ್ಸೊಂದನ್ನೇ ಕಾರಣ ಮಾಡಲಾಗದು.

ಒಬ್ಬಳೇ ಹುಡುಗಿಯ ಮೇಲೆ ಇಷ್ಟು ದೊಡ್ಡ ಸಿದ್ಧಾಂತದ ಭಾರ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಬೇರೆ ಕಡೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಇದೆ, ಸಮಯ ಸಿಕ್ಕಾಗ ಬರೆಯುತ್ತೇನೆ.


ಇರುವೆ

ನಾವು ಶಾಲೆಯಲ್ಲಿ ಓದಿದ ಅಮಲಾ, ಕಮಲಾ? ತೋಳಗಳ ಜತೆ ಬೆಳೆದು ನಾಲ್ಕು ಕಾಲಲ್ಲಿ ಓಡುತ್ತಿದ್ದ ಹುಡುಗಿಯರು. ಅದು ನಮ್ಮ ದೇಶದ್ದೇ ಉದಾಹರಣೆ ಅಲ್ಲವೇ, ಸೆಮಿನಾರಿಗೆ ಸೇರಿಸಬಹುದಲ್ಲ?


ಪುಟತಿರುವು

@ಇರುವೆ, ದಯವಿಟ್ಟು ಸೇರಿಸಬೇಡಿ, ಸೇರಿಸಿದರೂ ಅನುಮಾನದ ಜತೆಗೇ ಸೇರಿಸಿ. 1920ರಲ್ಲಿ ಮಿಡ್ನಾಪುರದ ಅನಾಥಾಲಯ ನಡೆಸುತ್ತಿದ್ದ ಪಾದ್ರಿ ಜೆ.ಎ.ಎಲ್. ಸಿಂಗ್ ಬರೆದಿಟ್ಟದ್ದೇ ಆ ಕಥೆಗೆ ಮುಖ್ಯ ಆಧಾರ. ತೋಳದ ಗವಿಯಿಂದ ಹಿಡಿದು ತಂದದ್ದಕ್ಕೆ ನಂಬಬಹುದಾದ ಬೇರೆ ಸಾಕ್ಷಿ ಸಿಗಲಿಲ್ಲ. 1950ರ ದಶಕದಲ್ಲಿ ಆಗ್ಬರ್ನ್ ಮತ್ತು ಬೋಸ್ ಆ ಊರುಗಳಿಗೇ ಹೋಗಿ ವಿಚಾರಿಸಿ 1959ರಲ್ಲಿ ಪ್ರಕಟಿಸಿದ ವರದಿಯೂ ಆ ಭಾಗವನ್ನು ಖಚಿತಪಡಿಸಲಿಲ್ಲ. ಸೆರ್ಜ್ ಅರೋಲ್ ಅನ್ನುವ ಫ್ರೆಂಚ್ ವೈದ್ಯರು ದಾಖಲೆಗಳನ್ನೆಲ್ಲ ಕೆದಕಿ ಇದು ವಂಚನೆ ಅಂತಲೇ ಬರೆದಿದ್ದಾರೆ. ಆ ಮಕ್ಕಳು ಇದ್ದದ್ದು ನಿಜ, ಕಷ್ಟಪಟ್ಟದ್ದೂ ನಿಜ. ಒಬ್ಬಳು 1921ರಲ್ಲಿ, ಇನ್ನೊಬ್ಬಳು 1929ರಲ್ಲಿ ತೀರಿಕೊಂಡರು. ಹುಟ್ಟಿನಿಂದಲೇ ಗಂಭೀರ ತೊಂದರೆ ಇದ್ದು, ಯಾರೋ ಬಿಟ್ಟುಹೋದ ಮಕ್ಕಳು ಇರಬಹುದು. ಅಂಥ ಮಕ್ಕಳಿಗೆ ತೋಳದ ಕಥೆ ಕಟ್ಟಿ ದಶಕಗಟ್ಟಲೆ ಪಠ್ಯಪುಸ್ತಕದಲ್ಲಿ ಅಚ್ಚು ಹಾಕಿದ್ದು ನನಗೆ ಬಹಳ ನೋವಿನ ವಿಷಯ.

ನಮ್ಮ ಉಪಖಂಡದ ಉದಾಹರಣೆಯೇ ಬೇಕಿದ್ದರೆ ಅಕ್ಬರನ ಗುಂಗ್ ಮಹಲ್ ಇದೆ, ಅಂದರೆ ಮೂಕರ ಮನೆ. ಮನುಷ್ಯನ ಸಹಜ ಭಾಷೆ ಯಾವುದು ಅಂತ ನೋಡಲು 16ನೇ ಶತಮಾನದಲ್ಲಿ ಹಸುಗೂಸುಗಳನ್ನು ಬಾಯಿ ಬಿಡದ ದಾದಿಯರ ಕೈಗೆ ಕೊಟ್ಟು ಬೇರೆ ಇರಿಸಿದ. ಕೆಲ ವರ್ಷದ ಮೇಲೆ ಹೋಗಿ ನೋಡಿದರೆ ಮಕ್ಕಳಿಂದ ಯಾವ ಮಾತೂ ಬರಲಿಲ್ಲ ಅಂತ ಆ ಕಾಲದ ಚರಿತ್ರೆಕಾರರೇ ಬರೆದಿದ್ದಾರೆ. ಈಜಿಪ್ಟಿನ ರಾಜ ಸಾಮೆಟಿಕಸ್ ಬಗ್ಗೆ ಹೆರೊಡೊಟಸ್ ಹೇಳುವ ಕಥೆಯೂ ಇಂಥದ್ದೇ, ಆದರೆ ಅದು ಕಥೆಯ ಮಟ್ಟದಲ್ಲೇ ಉಳಿಯುತ್ತದೆ.


ವಾಚಕಿ

ಪುಟತಿರುವು ಸರ್, ಧನ್ಯವಾದ. ಆವೆರಾನಿನ ವಿಕ್ಟರ್?


ಪುಟತಿರುವು

ಅವನ ದಾಖಲೆ ಎಷ್ಟೋ ಮೇಲು. 1800ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಕಾಡಿನಿಂದ ಬಂದ ಹುಡುಗ, ಅಂದಾಜು ಹನ್ನೊಂದು ಹನ್ನೆರಡರ ಪ್ರಾಯ. ಆಗಿನ ದೊಡ್ಡ ವೈದ್ಯ ಪಿನೆಲ್ ಇವನು ಹುಟ್ಟಾ ಮಂದಬುದ್ಧಿ, ಕಲಿಸಿ ಫಲವಿಲ್ಲ ಅಂದರು. ತರುಣ ವೈದ್ಯ ಇಟಾರ್ ಒಪ್ಪಲಿಲ್ಲ. ವರ್ಷಗಟ್ಟಲೆ ಕೂತು ಕಲಿಸಿದರು. ಹುಡುಗ ಕೆಲವು ಪದ ಓದಿ ಅರ್ಥಮಾಡಿಕೊಂಡ, 'ಹಾಲು' ಅನ್ನುವ ಪದ ಹೇಳಿದ, ಅದಕ್ಕಿಂತ ಹೆಚ್ಚು ಮಾತು ಬರಲಿಲ್ಲ. ಆದರೆ ಅವನನ್ನು ನೋಡಿಕೊಳ್ಳುತ್ತಿದ್ದ ಮದಾಮ್ ಗೆರಾಂ ಅವರ ಗಂಡ ತೀರಿಕೊಂಡ ಮೇಲೆ, ಒಂದು ದಿನ ಎಂದಿನಂತೆ ಊಟಕ್ಕೆ ಅವರ ತಟ್ಟೆಯನ್ನೂ ಇಟ್ಟ. ಆಕೆ ಅತ್ತದ್ದು ನೋಡಿ ತೆಗೆದಿಟ್ಟ, ಮತ್ತೆ ಎಂದೂ ಇಡಲಿಲ್ಲ. ಇಟಾರ್ ಬರೆದಿಟ್ಟ ಈ ಸಂಗತಿ ನಿಮ್ಮ ಎರಡನೇ ಪ್ರಶ್ನೆಗೆ ಉಪಯೋಗಕ್ಕೆ ಬರುತ್ತದೆ. ಮಾತು ಬರದಿದ್ದವನಿಗೆ ಇನ್ನೊಬ್ಬರ ದುಃಖ ಗೊತ್ತಾಗುತ್ತಿತ್ತು. ಇಟಾರ್ ಅವನಿಗಾಗಿ ಹುಡುಕಿದ ಕಲಿಸುವ ಕ್ರಮಗಳೇ ಮುಂದೆ ಅವರ ಶಿಷ್ಯ ಸೆಗಾನ್ ಮೂಲಕ ಮಾಂಟೆಸ್ಸೋರಿವರೆಗೆ ಬಂದವು.


ಸನ್ನೆಮಾತು

ನನ್ನ ಮಗನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಇಲ್ಲಿ ಕಾಡು, ಕತ್ತಲೆ ಕೋಣೆ ಅಂತ ಓದುತ್ತಿರುವಾಗ ಒಂದು ಮಾತು ಹೇಳಲೇಬೇಕು ಅನ್ನಿಸಿತು. ಭಾಷೆಯ ಬರಗಾಲಕ್ಕೆ ಕ್ರೂರಿ ಅಪ್ಪ ಬೇಕಾಗಿಲ್ಲ. ಕಿವುಡು ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನ ಹುಟ್ಟುವುದು ಕಿವಿ ಕೇಳುವ ಅಪ್ಪ ಅಮ್ಮನಿಗೆ. ಮುದ್ದು, ಊಟ, ಬಟ್ಟೆ ಎಲ್ಲ ಇರುತ್ತದೆ. ಆದರೆ ಮನೆಯವರ ಮಾತು ಆ ಮಗುವಿಗೆ ತಲುಪುತ್ತಿರುವುದಿಲ್ಲ, ತಲುಪಬಹುದಾದ ಸನ್ನೆ ಭಾಷೆ ಮನೆಯವರಿಗೆ ಬರುವುದಿಲ್ಲ.

ನಮಗೆ ಒಬ್ಬ ವೈದ್ಯರು ಸನ್ನೆ ಕಲಿಸಲೇಬೇಡಿ, ಕಲಿತರೆ ಬಾಯಿಮಾತಿಗೆ ಸೋಮಾರಿಯಾಗುತ್ತಾನೆ ಅಂದಿದ್ದರು. ಅವರ ಮಾತು ನಂಬಿ ಕೂತ ದಿನಗಳಲ್ಲಿ ಮಗ ಏನೋ ಕೇಳಲು ಬಂದು, ನಮಗೆ ತಿಳಿಯದೆ, ನೆಲಕ್ಕೆ ತಲೆ ಬಡಿದುಕೊಂಡದ್ದಿದೆ. ಹಟಮಾರಿ ಅನ್ನುತ್ತಿದ್ದರು ನೆಂಟರು. ಆಮೇಲೆ ಕಿವುಡರೇ ನಡೆಸುವ ತರಗತಿಗೆ ಇಡೀ ಮನೆ ಸೇರಿಕೊಂಡೆವು. ಅವನು ಮೊದಲ ಸಲ 'ಯಾಕೆ?' ಅಂತ ಸನ್ನೆ ಮಾಡಿ ಕೇಳಿದ ಮೇಲೆ ಹಟ ಅನ್ನುವ ಪದವೇ ನಮ್ಮ ಮನೆಯಲ್ಲಿ ಕಡಿಮೆಯಾಯಿತು. ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಕಿವಿಯೊಳಗೆ ಕೂರಿಸುವ ಸಾಧನ), ಹಿಯರಿಂಗ್ ಏಡ್ ಹಾಕಿಸುವವರು ಹಾಕಿಸಲಿ, ನಾನು ವಿರೋಧಿಯಲ್ಲ. ಅದು ಕೆಲಸಕ್ಕೆ ಬರುವವರೆಗೆ ಮಗುವನ್ನು ಭಾಷೆಯಿಲ್ಲದೆ ಕಾಯಿಸಬೇಡಿ ಅನ್ನುವುದಷ್ಟೇ ನನ್ನ ಬೇಡಿಕೆ.

ಈ ಬಗ್ಗೆ ಸಂಶೋಧನೆ ಏನು ಹೇಳುತ್ತದೆ ಅಂತ ನುಡಿಗಿಡ ಸರ್ ಹೇಳಬಹುದೇ?


ನುಡಿಗಿಡ

ನಾನು ಬರೆಯಬೇಕೆಂದಿದ್ದ ಗಟ್ಟಿ ಸಾಕ್ಷ್ಯ ಇರುವುದೇ ಅಲ್ಲಿ. ಪ್ರೀತಿ ಇದ್ದು, ಹಸಿವಿಲ್ಲದೆ, ಪೆಟ್ಟಿಲ್ಲದೆ, ಭಾಷೆಯೊಂದೇ ತಡವಾಗಿ ಸಿಕ್ಕರೆ ಏನಾಗುತ್ತದೆ ಅಂತ ತಿಳಿಯಲು ಕಿವುಡರ ಅಧ್ಯಯನಗಳೇ ದಾರಿ.

ಎಲಿಸಾ ನ್ಯೂಪೋರ್ಟ್ 1990ರಲ್ಲಿ ಪ್ರಕಟಿಸಿದ್ದು ನೋಡಿ. ಅಮೆರಿಕನ್ ಸನ್ನೆ ಭಾಷೆಯನ್ನು ದಶಕಗಟ್ಟಲೆ ಬಳಸುತ್ತಿದ್ದ ಕಿವುಡ ವಯಸ್ಕರನ್ನು ಮೂರು ಗುಂಪು ಮಾಡಿದರು: ಹುಟ್ಟಿನಿಂದ ಕಲಿತವರು, 4ರಿಂದ 6 ವರ್ಷದೊಳಗೆ ಕಲಿಯತೊಡಗಿದವರು, 12 ದಾಟಿದ ಮೇಲೆ ಕಲಿತವರು. ಪದಗಳ ಕ್ರಮದಲ್ಲಿ ಮೂರೂ ಗುಂಪು ಸರಿಸುಮಾರು ಸಮ. ಆದರೆ ಕ್ರಿಯಾಪದಕ್ಕೆ ಅಂಟುವ ಸೂಕ್ಷ್ಮ ರೂಪಗಳಲ್ಲಿ ಎಷ್ಟು ತಡವೋ ಅಷ್ಟು ಹಿಂದೆ. ನಮ್ಮ ಭಾಷೆಯಲ್ಲಾದರೆ ಕ್ರಿಯಾಪದದ ಕಾಲ, ಲಿಂಗ, ವಚನದ ಪ್ರತ್ಯಯಗಳು ಇರುವ ಜಾಗ ಅದು. ಹನ್ನೆರಡಕ್ಕೆ ಬಾಗಿಲು ದಡಾರನೆ ಮುಚ್ಚುವ ಚಿತ್ರ ಇಲ್ಲಿ ಇಲ್ಲ, ಆರರ ಗುಂಪಿಗೂ ಅಷ್ಟಿಷ್ಟು ನಷ್ಟ ಇದೆ. ಹನ್ನೆರಡರ ಗುಂಪಿಗೆ ಸಂಸಾರ, ಕೆಲಸ, ಹರಟೆ ಎಲ್ಲಕ್ಕೂ ಸಾಲುವಷ್ಟು ಭಾಷೆಯೂ ಇದೆ.

ಇದಕ್ಕಿಂತ ಮನ ಮುಟ್ಟುವುದು ರೇಚಲ್ ಮೇಬೆರಿ ಮತ್ತು ಸಂಗಡಿಗರ ಕೆಲಸ. ಎಳೆಯ ವಯಸ್ಸು ದಾಟಿದ ಮೇಲೆ ಸನ್ನೆ ಭಾಷೆ ಕಲಿತ ಇಬ್ಬಗೆಯ ಜನರನ್ನು ಹೋಲಿಸಿದರು. ಒಂದು ಗುಂಪಿನವರಿಗೆ ಬಾಲ್ಯದಲ್ಲಿ ಕಿವಿ ಕೇಳಿಸುತ್ತಿತ್ತು, ಮಾತು ಬಂದಿತ್ತು, ಆಮೇಲೆ ಕಿವುಡಾದರು. ಇನ್ನೊಂದು ಗುಂಪಿಗೆ ಬಾಲ್ಯದಲ್ಲಿ ಯಾವ ಭಾಷೆಯೂ ಸರಿಯಾಗಿ ಸಿಕ್ಕಿರಲಿಲ್ಲ. ಮೊದಲ ಗುಂಪು ಚೆನ್ನಾಗಿ ಕಲಿತಿತ್ತು, ಎರಡನೆಯದು ತಡವರಿಸಿತು. ಬಾಲ್ಯದಲ್ಲಿ ಯಾವುದಾದರೂ ಒಂದು ಭಾಷೆ ತುಂಬಿ ಬಂದಿದ್ದರೆ ಸಾಕು, ಅದು ಕಿವಿಯದೋ ಕಣ್ಣಿನದೋ ಅನ್ನುವುದು ಮುಖ್ಯವಲ್ಲ. ಸನ್ನೆ ಕಲಿತರೆ ಮಾತು ಕೆಡುತ್ತದೆ ಅನ್ನುವ ಸಲಹೆಗೆ ಇದು ನೇರ ಉತ್ತರ.

ಮಧ್ಯ ಅಮೆರಿಕದ ನಿಕರಾಗ್ವ ದೇಶದ ವಿಷಯ ಹೇಳದೆ ಬಿಡಲಾರೆ. ಅಲ್ಲಿ 1970ರ ದಶಕದ ಕೊನೆಯವರೆಗೆ ಕಿವುಡು ಮಕ್ಕಳು ತಂತಮ್ಮ ಮನೆಯಲ್ಲಿ ಒಂಟಿ. ಮನಾಗ್ವ ನಗರದಲ್ಲಿ ಶಾಲೆ ಆರಂಭವಾಗಿ ಒಂದೇ ಕಡೆ ನೂರಾರು ಮಕ್ಕಳು ಸೇರಿದರು. ಮೇಷ್ಟ್ರು ತುಟಿ ನೋಡಿ ಸ್ಪ್ಯಾನಿಷ್ ಕಲಿಯಿರಿ ಅನ್ನುತ್ತಿದ್ದರೆ, ಮಕ್ಕಳು ಆಟದ ಬಯಲಲ್ಲಿ, ಬಸ್ಸಿನಲ್ಲಿ ತಮ್ಮದೇ ಸನ್ನೆ ಹೊಂದಿಸಿಕೊಂಡರು. 1986ರಲ್ಲಿ ಭಾಷಾವಿಜ್ಞಾನಿ ಜೂಡಿ ಕೆಗಲ್ ಹೋಗಿ ನೋಡಿದಾಗ ಅಲ್ಲೊಂದು ಹೊಸ ಭಾಷೆ ಹುಟ್ಟುತ್ತಿತ್ತು. ಆನ್ ಸೆಂಗಾಸ್ ತೋರಿಸಿದಂತೆ, ಹಿರಿಯ ಮಕ್ಕಳು ಕೊಟ್ಟ ಒರಟು ಸನ್ನೆಗಳಿಗೆ ವ್ಯಾಕರಣ ಕಟ್ಟಿದ್ದು ಆಮೇಲೆ ಬಂದ ಎಳೆಯರು. ದೊಡ್ಡವರ ಭಾಷೆ ಸಿಗದಿದ್ದರೂ ಸರಿ, ಎಳೆಯ ವಯಸ್ಸು ಮತ್ತು ಸಂಗಡಿಗರು ಸಿಕ್ಕರೆ ಭಾಷೆ ಏಳುತ್ತದೆ.

ವಾಚಕಿಯವರ ಎರಡನೇ ಪ್ರಶ್ನೆಗೂ ಇಲ್ಲಿಂದಲೇ ಒಂದು ತುಂಡು ಉತ್ತರ ಸಿಗುತ್ತದೆ. ಜೆನಿ ಪೈಯರ್ಸ್ ಮತ್ತು ಸೆಂಗಾಸ್ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಶಾಲೆಗೆ ಮೊದಲು ಸೇರಿದ ತಂಡದವರು ವಯಸ್ಕರಾದಾಗ ಅವರಿಗೆ 'ಅವನಿಗೆ ಗೊತ್ತಿಲ್ಲ', 'ಅವಳು ಹೀಗೆ ಅಂದುಕೊಂಡಿದ್ದಾಳೆ' ಎನ್ನುವ ಸನ್ನೆಗಳು ಕಡಿಮೆ. ಇನ್ನೊಬ್ಬರ ತಲೆಯಲ್ಲಿ ತಪ್ಪು ನಂಬಿಕೆ ಇದೆ ಅಂತ ಊಹಿಸಬೇಕಾದ ಪರೀಕ್ಷೆಯಲ್ಲೂ ಅವರು ಎಡವಿದರು. ಕಿರಿಯರ ಜತೆ ಬೆರೆತು ಆ ಸನ್ನೆಗಳು ಬಂದ ಮೇಲೆ ಅದೇ ಪರೀಕ್ಷೆಯಲ್ಲಿ ಅವರ ಉತ್ತರ ಸುಧಾರಿಸಿತು, ಆಗ ಅವರು ಇಪ್ಪತ್ತು ದಾಟಿದವರು. ಕಿವುಡ ಅಪ್ಪ ಅಮ್ಮನ ಮಡಿಲಲ್ಲಿ ಹುಟ್ಟಿನಿಂದ ಸನ್ನೆ ಭಾಷೆ ಪಡೆದ ಮಕ್ಕಳಿಗೆ ಈ ಪರೀಕ್ಷೆಯಲ್ಲಿ ವಿಳಂಬ ಕಾಣುವುದೇ ಇಲ್ಲ. ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಅಂತ ಲೆಕ್ಕ ಹಾಕಲು ಅದರ ಬಗ್ಗೆ ಮಾತು ಕೇಳಿರಬೇಕು. ದುಃಖ ಗುರುತಿಸಲು ಅಷ್ಟು ಬೇಕಿಲ್ಲ, ಅದಕ್ಕೇ ವಿಕ್ಟರ್ ತಟ್ಟೆ ತೆಗೆದಿಟ್ಟ.


ಎರಡನೇ ಅಮ್ಮ

ನಾನು ಸಂಸ್ಥೆಯೊಂದರಿಂದ ಮಗಳನ್ನು ದತ್ತು ತೆಗೆದುಕೊಂಡವಳು. ಮನೆಗೆ ಬಂದಾಗ ಮೂರು ತುಂಬಿತ್ತು. ಅಲ್ಲಿ ಯಾರೂ ಹೊಡೆಯುತ್ತಿರಲಿಲ್ಲ, ಊಟ ಇತ್ತು, ಮಂಚ ಇತ್ತು, ಗೋಡೆ ತುಂಬ ಬಣ್ಣದ ಚಿತ್ರ ಇತ್ತು. ನೋಡಿಕೊಳ್ಳುವವರು ಪಾಳಿಯಲ್ಲಿ ಬದಲಾಗುತ್ತಿದ್ದರು, ಅಷ್ಟೇ. ಮಗಳು ಬಂದ ಹೊಸದರಲ್ಲಿ ಬಿದ್ದರೂ ಅಳುತ್ತಿರಲಿಲ್ಲ. ಎಷ್ಟು ಒಳ್ಳೆಯ ಮಗು ಅಂತ ಎಲ್ಲರೂ ಹೊಗಳುತ್ತಿದ್ದರು. ನನಗೆ ಹೊಟ್ಟೆಯೊಳಗೆ ಏನೋ ಕಲಕಿದಂತಾಗುತ್ತಿತ್ತು.

ಈಗ ಮಾತು ಬಂದಿದೆ, ಹಿಂದೆ ಇದೆ ಆದರೆ ಬರುತ್ತಿದೆ. ನನ್ನನ್ನು ಹೆದರಿಸುವುದು ಬೇರೆ. ದಾರಿಯಲ್ಲಿ ಹೋಗುವ ಯಾರದೋ ಕೈ ಹಿಡಿದು ಹೊರಟುಬಿಡುತ್ತಾಳೆ, ಹಿಂದೆ ತಿರುಗಿ ನನ್ನನ್ನು ನೋಡುವುದೂ ಇಲ್ಲ. ಎಲ್ಲರ ತೊಡೆಯ ಮೇಲೂ ಕೂರುತ್ತಾಳೆ. ಚೂಟಿ, ಸಂಕೋಚವಿಲ್ಲ ಅನ್ನುತ್ತಾರೆ ನೋಡಿದವರು. ಇದಕ್ಕೂ ಒಂಟಿತನಕ್ಕೂ ಸಂಬಂಧ ಇದೆಯೇ? ಇಲ್ಲಿ ಸ್ಪೀಚ್ ಥೆರಪಿ ಮಾಡುವವರು ಯಾರಾದರೂ ಇದ್ದೀರಾ?


ತೊದಲುನುಡಿ

ಅಕ್ಕ, ನಾನು ಸ್ಪೀಚ್ ಥೆರಪಿಸ್ಟ್. ನಿಮ್ಮ ಹೊಟ್ಟೆ ಕಲಕಿದ್ದು ಸುಮ್ಮನೆ ಅಲ್ಲ. ಅತ್ತರೆ ಯಾರಾದರೂ ಬರುತ್ತಾರೆ ಅನ್ನುವ ಅನುಭವ ಇದ್ದ ಮಗು ಅಳುತ್ತದೆ. ಬಾರದಿದ್ದರೆ ಕೆಲ ಕಾಲದಲ್ಲಿ ಅಳು ನಿಂತುಹೋಗುತ್ತದೆ.

ಇದನ್ನು ಲೋಕ ದೊಡ್ಡ ಪ್ರಮಾಣದಲ್ಲಿ ನೋಡಿದ್ದು ರೊಮೇನಿಯಾದಲ್ಲಿ. ಚೌಷೆಸ್ಕು ಸರ್ಕಾರ 1966ರಲ್ಲಿ ಗರ್ಭಪಾತ ನಿಷೇಧಿಸಿ ಹೆಚ್ಚು ಹೆರಬೇಕೆಂದು ಒತ್ತಾಯಿಸಿತು, ಸಾಕಲಾರದವರು ಮಕ್ಕಳನ್ನು ಸರ್ಕಾರಿ ಅನಾಥಾಲಯಗಳಿಗೆ ಬಿಟ್ಟರು. 1989ರ ಡಿಸೆಂಬರ್‌ನಲ್ಲಿ ಸರ್ಕಾರ ಉರುಳಿದಾಗ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ತೊಟ್ಟಿಲಲ್ಲಿ ಮಲಗಿದ್ದಲ್ಲೇ ಬಾಟಲಿ, ಮಾತಾಡಿಸುವವರಿಲ್ಲ. ಒಳಗೆ ಹೋದವರಿಗೆ ಅಷ್ಟು ಕೂಸುಗಳಿದ್ದೂ ಕೋಣೆಗಳು ನಿಶ್ಶಬ್ದವಾಗಿದ್ದದ್ದೇ ನೆನಪಿನಲ್ಲಿ ಉಳಿಯಿತು.

ಅಲ್ಲಿಂದ ಬ್ರಿಟನ್ನಿಗೆ ದತ್ತು ಹೋದ 165 ಮಕ್ಕಳನ್ನು ಮೈಕೆಲ್ ರಟರ್ ತಂಡ ದೊಡ್ಡವರಾಗುವವರೆಗೆ ಹಿಂಬಾಲಿಸಿತು. ಆರು ತಿಂಗಳೊಳಗೆ ಹೊರಬಂದವರು ಬಹುಪಾಲು ಬ್ರಿಟನ್ನಿನಲ್ಲೇ ಹುಟ್ಟಿ ದತ್ತು ಹೋದ ಮಕ್ಕಳ ಹಾಗೆಯೇ ಬೆಳೆದರು. ಆರು ತಿಂಗಳು ಮೀರಿ ಉಳಿದವರಲ್ಲಿ ಹಲವರಿಗೆ ಆಟಿಸಂ ಹೋಲುವ ಲಕ್ಷಣ, ಗಮನ ನಿಲ್ಲದಿರುವುದು, ಮತ್ತೆ ನೀವು ಹೇಳಿದ್ದೇ, ಗುರುತಿಲ್ಲದವರ ಹಿಂದೆ ಹೊರಟುಬಿಡುವುದು, ದೊಡ್ಡವರಾದ ಮೇಲೂ ಉಳಿಯಿತು. ಬುದ್ಧಿಯ ಹಿನ್ನಡೆ ಮಾತ್ರ ಬಹುಮಟ್ಟಿಗೆ ಮಾಯವಾಯಿತು. ಆರು ತಿಂಗಳು ಮೀರಿದವರಲ್ಲೂ ಸುಮಾರು ಐದರಲ್ಲೊಂದು ಭಾಗದ ಮಕ್ಕಳಿಗೆ ಯಾವ ಹಂತದಲ್ಲೂ ತೊಂದರೆ ಕಾಣಲಿಲ್ಲ. ಅದನ್ನೂ ಮರೆಯಬೇಡಿ.

ಇನ್ನೊಂದು ರೊಮೇನಿಯಾದ ರಾಜಧಾನಿ ಬುಖಾರೆಸ್ಟಿನ ಅಧ್ಯಯನ, ನೆಲ್ಸನ್, ಝೀನಾ, ಫಾಕ್ಸ್ ನಡೆಸಿದ್ದು. ಅನಾಥಾಲಯದ 136 ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ ತರಬೇತಾದ ಸಾಕು ಕುಟುಂಬಗಳಿಗೆ ಕೊಟ್ಟರು. ಉಳಿದವರನ್ನು ಅಲ್ಲೇ ಬಿಟ್ಟದ್ದು ಸರಿಯೇ ಅನ್ನುವ ಚರ್ಚೆ ಬಹಳ ಆಗಿದೆ, ಆಗಲೇಬೇಕಿತ್ತು. ಆಗ ಅಲ್ಲಿ ಸಾಕು ಕುಟುಂಬದ ವ್ಯವಸ್ಥೆಯೇ ಇಲ್ಲದಷ್ಟು ಕಡಿಮೆ, ಅಧ್ಯಯನಕ್ಕಾಗಿ ಯಾವ ಮಗುವನ್ನೂ ಅನಾಥಾಲಯದಲ್ಲಿ ತಡೆದು ನಿಲ್ಲಿಸಲಿಲ್ಲ ಅನ್ನುವುದು ಅವರ ಸಮರ್ಥನೆ. ಭಾಷೆಯ ಫಲಿತಾಂಶ ನನ್ನ ಕೆಲಸಕ್ಕೆ ನೇರ ಸಂಬಂಧಿಸಿದ್ದು: 15 ತಿಂಗಳೊಳಗೆ ಕುಟುಂಬ ಸೇರಿದವರ ಮಾತು ಮೂರೂವರೆ ವರ್ಷದ ಹೊತ್ತಿಗೆ ಊರಿನ ಇತರ ಮಕ್ಕಳಂತೆಯೇ ಇತ್ತು. ಎರಡು ವರ್ಷ ದಾಟಿ ಸೇರಿದವರು ಆ ವಯಸ್ಸಿನಲ್ಲಿ ಇನ್ನೂ ಅನಾಥಾಲಯದ ಮಕ್ಕಳಷ್ಟೇ ಹಿಂದಿದ್ದರು.

15 ತಿಂಗಳಿಗೆ ಮಗು ಆಡುವುದು ನಾಲ್ಕಾರು ಪದ. ಹಾಗಿದ್ದೂ ಅಷ್ಟು ವ್ಯತ್ಯಾಸ ಯಾಕೆ? ಬಾಯಿಂದ ಮಾತು ಬರುವ ಮೊದಲೇ ಎಷ್ಟೋ ಕೆಲಸ ಆಗಿಹೋಗಿರುತ್ತದೆ. ವರ್ಕರ್ ಮತ್ತು ಟೀಸ್ 1984ರಲ್ಲಿ ತೋರಿಸಿದ್ದನ್ನು ನಾವು ಕನ್ನಡದವರು ಚೆನ್ನಾಗಿ ಅರ್ಥಮಾಡಿಕೊಳ್ಳಬಹುದು. ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಹಿಂದಿಯ 'ತ' ಮತ್ತು 'ಟ' ಬೇರೆ ಅಂತ ಗುರುತಿಸುತ್ತವೆ, ಹತ್ತು ಹನ್ನೆರಡು ತಿಂಗಳಾಗುವಷ್ಟರಲ್ಲಿ ಬಹುಪಾಲು ಮರೆತುಬಿಡುತ್ತವೆ. ಕಿವಿ ತನ್ನ ಸುತ್ತಲ ಭಾಷೆಗೆ ಒಗ್ಗುವುದು ಅಷ್ಟು ಬೇಗ. ಪೆಟ್ರೀಷಿಯಾ ಕೂಲ್ 2003ರಲ್ಲಿ ಮಾಡಿದ ಪ್ರಯೋಗ ಇನ್ನೂ ಮುಖ್ಯ. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಮುಂದೆ ಕೂತು ಆಡಿಸುತ್ತ ಚೀನೀ ಮಾತಾಡಿದರೆ ಅದರ ಧ್ವನಿಗಳನ್ನು ಹಿಡಿದವು. ಅದೇ ಮಾತು ವೀಡಿಯೊದಲ್ಲಿ, ಬರೀ ಧ್ವನಿಯಲ್ಲಿ ಕೇಳಿಸಿದರೆ ಏನೂ ಹತ್ತಲಿಲ್ಲ. ಸದ್ದು ಎರಡೂ ಕಡೆ ಒಂದೇ. ಕೂಸು ನೋಡಿದತ್ತ ನೋಡಿ, ನಕ್ಕಾಗ ನಕ್ಕು, ಅದರ ಸರದಿಗೆ ಕಾಯುವ ಮನುಷ್ಯ ಒಂದು ಕಡೆ ಮಾತ್ರ ಇದ್ದ. ಟಿವಿ ಹಾಕಿಟ್ಟರೆ ಮಾತು ಕಲಿಯುತ್ತದೆ ಅನ್ನುವ ಪೋಷಕರಿಗೆ ನಾನು ಇದನ್ನೇ ಹೇಳುವುದು.

ಹಾಗಾಗಿ ವಾಚಕಿಯವರೇ, ಯಾವುದು ಮೊದಲು ಅಂತ ಕೇಳಿದಿರಿ. ಮೊದಲ ವರ್ಷದಲ್ಲಿ ಭಾಷೆ ಬೇರೆ, ಸಂಬಂಧ ಬೇರೆ ಅಂತ ಇಲ್ಲ, ಎರಡೂ ಒಂದೇ ಸರದಿಯಾಟ. ಬೆಳೆದ ಹಾಗೆ ಕವಲೊಡೆಯುತ್ತವೆ. ಅಕ್ಕನ ಮಗಳಲ್ಲಿ ಮಾತು ಮುಂದೆ ಬಂದು ನಂಟು ಹಿಂದೆ ಉಳಿದಿರುವುದು ಆ ಕವಲಿನ ಒಂದು ಬಗೆ.


ಇರುವೆ

ಓದಿ ಮನಸ್ಸು ಭಾರವಾಯಿತು. ಹಾಗಾದರೆ ತಡವಾಗಿ ಸಿಕ್ಕ ಮಕ್ಕಳ ಕಥೆ ಮುಗಿದಂತೆಯೇ?


ಪುಟತಿರುವು

ಇಲ್ಲ. 1938ರಲ್ಲಿ ಅಮೆರಿಕದ ಒಹಾಯೊದಲ್ಲಿ ಇಸಬೆಲ್ ಎಂದು ದಾಖಲಾದ ಆರೂವರೆ ವರ್ಷದ ಹುಡುಗಿ ಸಿಕ್ಕಳು. ಕಿವಿ, ಮಾತು ಎರಡೂ ಇಲ್ಲದ ತಾಯಿಯ ಜತೆ ಕತ್ತಲೆ ಕೋಣೆಯಲ್ಲೇ ಬೆಳೆದವಳು. ಗಂಟಲಿನಿಂದ ಒಂದು ಥರದ ಕರಕರ ಸದ್ದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ, ಪರೀಕ್ಷೆ ಮಾಡಿದವರು ಬುದ್ಧಿ ಬೆಳೆಯದ ಮಗು ಅಂದರು. ಮರೀ ಮೇಸನ್ ತಂಡ ಪಟ್ಟು ಹಿಡಿದು ಕಲಿಸಿತು. ಎರಡು ವರ್ಷದಲ್ಲಿ ಓರಗೆಯವರ ಮಟ್ಟಕ್ಕೆ ಬಂದಳು. ಅದೇ ವರ್ಷ ಪೆನ್ಸಿಲ್ವೇನಿಯಾದಲ್ಲಿ ಸಿಕ್ಕ ಅನ್ನಾಗೆ ಅಷ್ಟು ಬರಲಿಲ್ಲ. ಅವಳಿಗೆ ತಾಯಿಯ ಸಂಗವೂ ಇರಲಿಲ್ಲ, ಪರಿಣತರ ಪಾಠವೂ ಸಿಗಲಿಲ್ಲ, 1942ರಲ್ಲಿ ಕಾಮಾಲೆಯಿಂದ ತೀರಿಕೊಂಡಳು. ಇಬ್ಬರನ್ನೂ ಹೋಲಿಸಿ ಬರೆದವರು ಸಮಾಜವಿಜ್ಞಾನಿ ಕಿಂಗ್ಸ್‌ಲಿ ಡೇವಿಸ್.

ಇನ್ನೂ ದೊಡ್ಡ ಭರವಸೆ ಜೆಕೊಸ್ಲೊವಾಕಿಯಾದ ಅವಳಿ ಹುಡುಗರು. 1960ರಲ್ಲಿ ಹುಟ್ಟಿದವರು. ಹದಿನೆಂಟು ತಿಂಗಳಿಂದ ಏಳು ವರ್ಷದವರೆಗೆ ಮಲತಾಯಿ ಅವರನ್ನು ನೆಲಮಾಳಿಗೆ, ಸಣ್ಣ ಕೋಣೆಗಳಲ್ಲಿ ಮುಚ್ಚಿಟ್ಟಿದ್ದಳು. 1967ರಲ್ಲಿ ಹೊರಬಂದಾಗ ನಡಿಗೆ ನೆಟ್ಟಗಿಲ್ಲ, ಮಾತು ಇಲ್ಲವೆಂಬಷ್ಟು ಕಡಿಮೆ, ಮಾನಸಿಕ ವಯಸ್ಸು ಮೂರರ ಆಸುಪಾಸು. ಮನೋವಿಜ್ಞಾನಿ ಯಾರ್ಮಿಲಾ ಕೊಲುಖೋವಾ ವರ್ಷಗಟ್ಟಲೆ ದಾಖಲಿಸಿದರು. ಪ್ರೀತಿಯ ಸಾಕು ಮನೆ ಸಿಕ್ಕಿತು. ಹದಿಹರೆಯಕ್ಕೆ ಬರುವಷ್ಟರಲ್ಲಿ ಬುದ್ಧಿ, ಮಾತು ಎಲ್ಲ ಸಾಮಾನ್ಯ. ಓದು ಮುಗಿಸಿ, ಉದ್ಯೋಗ ಹಿಡಿದು, ಮದುವೆಯಾದರು. ಕತ್ತಲಲ್ಲೂ ಒಬ್ಬರಿಗೊಬ್ಬರು ಇದ್ದರು ಅನ್ನುವುದನ್ನು ನಾನು ದೊಡ್ಡ ಕಾರಣ ಅಂತ ಎಣಿಸುತ್ತೇನೆ.


ನುಡಿಗಿಡ

ಒಪ್ಪುತ್ತೇನೆ. ಅವರು ಸಿಕ್ಕದ್ದು ಏಳಕ್ಕೆ, ಜೀನಿ ಹದಿಮೂರಕ್ಕೆ, ಅದೂ ಇದೆ.

ಮನೋವಿಜ್ಞಾನಿ ಹಾರ್ಲೋ ಒಂಟಿಯಾಗಿಟ್ಟು ಪ್ರಯೋಗ ಮಾಡಿದ ಕೋತಿಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಆ ಪ್ರಯೋಗಗಳ ಕ್ರೌರ್ಯವನ್ನು ಮರೆಯದೆ. ಹುಟ್ಟಿನಿಂದ ಆರು ತಿಂಗಳು ಒಂಟಿಯಾಗಿಟ್ಟ ಮರಿಗಳನ್ನು ಓರಗೆಯ ಕೋತಿಗಳ ಜತೆ ಬಿಟ್ಟಾಗ ಅವು ಮೂಲೆ ಹಿಡಿದು ತಮ್ಮನ್ನೇ ಕಚ್ಚಿಕೊಂಡವು, ಓರಗೆಯವು ಮೇಲೆ ಬಿದ್ದವು. 1972ರಲ್ಲಿ ಸುವೋಮಿ ಮತ್ತು ಹಾರ್ಲೋ ಮೂರು ತಿಂಗಳ ಎಳೆಯ ಮರಿಗಳನ್ನು ಜತೆಗೆ ಬಿಟ್ಟರು. ಎಳೆಯವು ಜಗಳಕ್ಕೆ ಬರಲಿಲ್ಲ, ಹೋಗಿ ಅಪ್ಪಿ ಹಿಡಿದವು. ಕೆಲವೇ ತಿಂಗಳಲ್ಲಿ ಒಂಟಿ ಮರಿಗಳು ಆಟಕ್ಕಿಳಿದವು. ವಯಸ್ಸಿಗೆ ತಕ್ಕ ಸಂಗ ಅಂತ ನಾವು ಒತ್ತಾಯಿಸುತ್ತೇವಲ್ಲ, ನೊಂದ ಮಗುವಿಗೆ ತನಗಿಂತ ಚಿಕ್ಕವರ ಸಂಗ ಮೊದಲು ಬೇಕಾಗಬಹುದು.


ಸನ್ನೆಮಾತು

ಜೀನಿ ಆಮೇಲೆ ಏನಾದಳು? ಯಾರೂ ಹೇಳಲಿಲ್ಲ.


ವಾಚಕಿ

ನಾನು ಹೇಳುತ್ತೇನೆ, ಏಕೆಂದರೆ ಸೆಮಿನಾರಿನಲ್ಲಿ ಇದಕ್ಕೇ ಹೆಚ್ಚು ಹೊತ್ತು ಕೊಡಬೇಕೆಂದಿದ್ದೇನೆ. ಆಸ್ಪತ್ರೆಯಿಂದ ಹೊರಬಂದವಳು ಕೆಲವು ವರ್ಷ ಸಂಶೋಧಕರೊಬ್ಬರ ಮನೆಯಲ್ಲೇ ಇದ್ದಳು. ಅಲ್ಲಿ ಮಾತು ಬೆಳೆಯಿತು, ನಗು ಬಂತು. ಯಾರು ಅವಳ ಹತ್ತಿರ ಇರಬೇಕು ಅಂತ ಸುತ್ತಲಿನ ದೊಡ್ಡವರ ನಡುವೆ ತಿಕ್ಕಾಟ ನಡೆಯುತ್ತಲೇ ಇತ್ತು. 1974ರ ಹೊತ್ತಿಗೆ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಸಂಶೋಧನೆಗೆ ಹಣ ನಿಲ್ಲಿಸಿತು. ಮರುವರ್ಷ ಅವಳು ಆ ಮನೆ ಬಿಡಬೇಕಾಯಿತು. ತಾಯಿಯ ಬಳಿಗೆ ಹೋದಳು, ಆಕೆಗೆ ನಿಭಾಯಿಸಲಾಗಲಿಲ್ಲ. ಮುಂದೆ ಒಂದಾದ ಮೇಲೊಂದು ಸಾಕು ಮನೆ. ಅವುಗಳಲ್ಲೊಂದರಲ್ಲಿ ವಾಂತಿ ಮಾಡಿಕೊಂಡದ್ದಕ್ಕೆ ಶಿಕ್ಷೆ ಕೊಟ್ಟರು. ಬಾಯಿ ತೆರೆದರೆ ಮತ್ತೆ ವಾಂತಿಯಾದೀತೆಂಬ ಭಯಕ್ಕೆ ಅವಳು ಬಾಯಿ ತೆರೆಯುವುದನ್ನೇ ಬಿಟ್ಟಳು. ಕಲಿತ ಮಾತು ನಿಂತುಹೋಯಿತು.

ಹದಿಮೂರಕ್ಕೆ ಸಿಕ್ಕು ಹದಿನೆಂಟರವರೆಗೆ ಕಲಿಯುತ್ತಲೇ ಇದ್ದವಳ ಪಾಠವನ್ನು ನಡುವೆ ಕಡಿದುಹಾಕಿ, ಆಮೇಲೆ ಅವಳಿಗೆ ವಯಸ್ಸು ಮೀರಿತ್ತು ಅಂತ ಬರೆಯುವುದು ಅನ್ಯಾಯ. ಇನ್ನೂ ಐದು ವರ್ಷ ಅದೇ ಮನೆ, ಅದೇ ಜನ ಇದ್ದಿದ್ದರೆ ಎಲ್ಲಿಗೆ ಬರುತ್ತಿದ್ದಳೋ ನೋಡಲು ಯಾರೂ ಬಿಡಲಿಲ್ಲ.


ಎರಡನೇ ಅಮ್ಮ

ಓದುತ್ತ ಅಳು ಬಂತು. ಅದೇ ಮನೆ, ಅದೇ ಜನ ಅಂದಿರಿ, ಅದನ್ನು ನಾನು ಕೊಡಬಲ್ಲೆ. ತೊದಲುನುಡಿಯವರೇ, ಅಪರಿಚಿತರ ಹಿಂದೆ ಹೋಗುವುದಕ್ಕೆ ಮನೆಯಲ್ಲಿ ಏನು ಮಾಡಲಿ?


ತೊದಲುನುಡಿ

ಅಕ್ಕ, ಬುಖಾರೆಸ್ಟಿನ ಮಕ್ಕಳಲ್ಲೂ ಎಲ್ಲಕ್ಕಿಂತ ನಿಧಾನವಾಗಿ ಕರಗಿದ್ದು ಇದೇ ನಡವಳಿಕೆ. ಆದ್ದರಿಂದ ಬೈದು, ಹೆದರಿಸಿ ಬಿಡಿಸಲು ಹೋಗಬೇಡಿ. ಈ ಮಗು ನಿಮ್ಮನ್ನು ಪ್ರೀತಿಸುವುದಿಲ್ಲ ಅಂತಲೂ ತಿಳಿಯಬೇಡಿ.

ಸದ್ಯಕ್ಕೆ ಅವಳ ಲೋಕ ಚಿಕ್ಕದಿರಲಿ. ಉಣಿಸುವುದು, ಮೀಯಿಸುವುದು, ಮಲಗಿಸುವುದು, ಪೆಟ್ಟಾದಾಗ ಎತ್ತಿಕೊಳ್ಳುವುದು ನೀವು ಮತ್ತು ಮನೆಯ ಇನ್ನೊಬ್ಬರು ಮಾತ್ರ ಮಾಡಿ. ಬಂದ ನೆಂಟರಿಗೆ ಮೊದಲೇ ಹೇಳಿಬಿಡಿ: ಅವಳು ತೊಡೆ ಏರಿದರೆ ನಗುತ್ತಲೇ 'ಅಮ್ಮನ ಹತ್ತಿರ ಹೋಗು' ಅಂತ ನಿಮ್ಮ ಕಡೆ ತಿರುಗಿಸಲಿ. ಬಿದ್ದು ಅಳದಿದ್ದರೂ ಓಡಿ ಹೋಗಿ 'ನೋವಾಯ್ತಾ?' ಅಂತ ಕೇಳಿ ಎತ್ತಿಕೊಳ್ಳಿ. ಅವಳು ಕೇಳದ ಸಾಂತ್ವನವನ್ನೂ ಕೊಡಬೇಕು. ಹೊರಗೆ ಹೋದಾಗ ಕೈ ಬಿಡದಿರಿ, 'ಹೋಗುವ ಮೊದಲು ಅಮ್ಮನ ಮುಖ ನೋಡು' ಅನ್ನುವುದನ್ನು ಆಟವಾಗಿ ಆಡಿಸಿ. ಮಾತಿಗೆ, ಅವಳು ನೋಡುತ್ತಿರುವುದರ ಬಗ್ಗೆಯೇ ಮಾತಾಡಿ, ನಿಲ್ಲಿಸಿ, ಅವಳ ಉತ್ತರಕ್ಕೆ ಕಾಯಿರಿ. ಮೌನ ಉದ್ದವಾಯಿತು ಅನ್ನಿಸಿದರೂ ಕಾಯಿರಿ. 'ಅಜ್ಜಿಗೆ ಗೊತ್ತಿಲ್ಲ', 'ಅಣ್ಣ ಅಂದುಕೊಂಡಿದ್ದಾನೆ' ಅನ್ನುವಂಥ ಮಾತು ಕಥೆ ಹೇಳುವಾಗ ಧಾರಾಳವಾಗಿ ಬರಲಿ, ನುಡಿಗಿಡ ಸರ್ ಬರೆದ ನಿಕರಾಗ್ವದ ವಿಷಯ ಅದೇ.

ಕಿವಿ ಪರೀಕ್ಷೆ ಆಗಿದೆಯೇ? ಸಂಸ್ಥೆಗಳಲ್ಲಿ ಪದೇಪದೇ ಕಿವಿ ಸೋರಿ, ಸ್ವಲ್ಪ ಮಟ್ಟಿನ ಕಿವುಡು ಯಾರ ಗಮನಕ್ಕೂ ಬರದೆ ಉಳಿದಿರುವುದನ್ನು ನಾನು ನೋಡಿದ್ದೇನೆ. ಆಗಿಲ್ಲದಿದ್ದರೆ ಮೊದಲು ಅದು ಆಗಲಿ, ವರದಿ ಬಂದ ಮೇಲೆ ಇಲ್ಲೇ ಬರೆಯಿರಿ, ಮುಂದಿನದು ಒಟ್ಟಿಗೆ ನೋಡೋಣ.


ಎರಡನೇ ಅಮ್ಮ

ಆಗಿಲ್ಲ. ನಾಳೆಯೇ ವಿಚಾರಿಸುತ್ತೇನೆ.